ಎಪಾಕ್ಸಿ ಸೋರದಂಥ ಅಚ್ಚು: ನನ್ನ ಅನುಭವ

ಹಲಸಿನ ಹಲಗೆಗಳ ನಡುವೆ ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ರಾಳ) ತುಂಬಿ ಟೀಪಾಯಿ ಮಾಡುವಾಗ ನಾನು ಹೆಚ್ಚು ಹೊತ್ತು ಕೊಡುವುದು ಅಚ್ಚಿಗೆ. ದಪ್ಪ ಪದರವಾಗಿ ಸುರಿಯುವ ಬಗೆಯ ಎಪಾಕ್ಸಿ ತುಂಬಾ ನೀರಾಗಿರುತ್ತದೆ, ಗಟ್ಟಿಯಾಗಲು ಎರಡು ಮೂರು ದಿನವೂ ಹಿಡಿಯುತ್ತದೆ. ಎಲ್ಲೋ ಕೂದಲೆಳೆಯಷ್ಟು ಸಂದು ಸಿಕ್ಕರೂ ಸಾಕು, ರಾತ್ರಿಯಿಡೀ ಇಳಿಯುತ್ತಲೇ ಇರುತ್ತದೆ.

ತಳಕ್ಕೂ ಪಕ್ಕಗಳಿಗೂ 18 ಮಿ.ಮೀ. ಪ್ರೀಲ್ಯಾಮ್ ಬೋರ್ಡ್ (ನುಣುಪು ಹಾಳೆ ಅಂಟಿಸಿಯೇ ಬರುವ ಮರದ ಪುಡಿಯ ಹಲಗೆ). ಒಳಮೈಗೆಲ್ಲ ಅಗಲದ ಬ್ರೌನ್ ಟೇಪ್ ಅಂಟಿಸುತ್ತೇನೆ, ಎಪಾಕ್ಸಿ ಅದಕ್ಕೆ ಹಿಡಿಯುವುದಿಲ್ಲ. ಆದರೆ ಪಕ್ಕದ ಪಟ್ಟಿ ಕೂರುವ ಜಾಗವನ್ನು ಟೇಪಿಲ್ಲದೆ ಬಿಡಬೇಕು. ಟೇಪಿನ ಮೇಲೆ ಸಿಲಿಕಾನ್ (ಸಂದು ಮುಚ್ಚುವ ರಬ್ಬರಿನಂಥ ಅಂಟು) ಭದ್ರವಾಗಿ ಕೂರುವುದಿಲ್ಲ.

ಸೋರಿಕೆ ನಿಲ್ಲುವುದು ಇಲ್ಲೇ. ಪಟ್ಟಿ ನಿಲ್ಲಿಸುವ ಮೊದಲೇ ಆ ಜಾಗದಲ್ಲಿ ಸಿಲಿಕಾನಿನ ಒಂದು ಗೆರೆ ಎಳೆದು, ಅದರ ಮೇಲೆ ಪಟ್ಟಿ ಇಟ್ಟು ಹೊರಗಿನಿಂದ ಸ್ಕ್ರೂ ಬಿಗಿಯುತ್ತೇನೆ. ಬೋರ್ಡ್ ಬಿರಿಯದಂತೆ ಮೊದಲು ಡ್ರಿಲ್ ಮಾಡಿಕೊಳ್ಳಬೇಕು. ಬಿಗಿದಂತೆ ಸಿಲಿಕಾನ್ ಒತ್ತಿಕೊಂಡು ಒಳಗೆ ಉಬ್ಬುತ್ತದೆ. ಎಲ್ಲಿ ಉಬ್ಬಲಿಲ್ಲವೋ ಅಲ್ಲಿ ಸಂದಿದೆ ಎಂದೇ ಅರ್ಥ. ಆಮೇಲೆ ಒಳಮೂಲೆಗೆ ಇನ್ನೊಂದು ಗೆರೆ ಎಳೆದು, ಸೋಪುನೀರಲ್ಲಿ ಅದ್ದಿದ ಬೆರಳಿಂದ ಟೇಪಿನ ಅಂಚೂ ಮುಚ್ಚುವಂತೆ ಸವರುತ್ತೇನೆ. ಬಿಳಿ ಬೋರ್ಡಿಗೆ ಕಪ್ಪು ಸಿಲಿಕಾನೇ ಒಳ್ಳೆಯದು, ಬಿಟ್ಟುಹೋದ ಚುಕ್ಕಿಯೂ ಕಾಣುತ್ತದೆ. ಒಂದು ದಿನ ಹಾಗೇ ಬಿಡಬೇಕು. ವಿನೆಗರ್‌ನಂಥ ಹುಳಿ ವಾಸನೆ ಇನ್ನೂ ಬರುತ್ತಿದ್ದರೆ ನಾನು ಕಾಯುತ್ತೇನೆ.

ನೀರು ತುಂಬಿ ಪರೀಕ್ಷಿಸಬೇಡಿ. ಬೋರ್ಡ್ ಉಬ್ಬುತ್ತದೆ, ಉಳಿದ ತೇವ ಎಪಾಕ್ಸಿಯನ್ನು ಮಸುಕಾಗಿಸುತ್ತದೆ. ಕತ್ತಲೆ ಕೋಣೆಯಲ್ಲಿ ಒಳಗಿಂದ ಟಾರ್ಚ್ ಹಿಡಿದು ಹೊರಗಿಂದ ಮೂಲೆಗಳನ್ನು ನೋಡುತ್ತೇನೆ, ಬೆಳಕು ಕಂಡಲ್ಲಿ ಮತ್ತೆ ಸಿಲಿಕಾನ್.

ರಸಮಟ್ಟ ಇಟ್ಟು ಅಚ್ಚನ್ನು ಸಮ ಮಾಡಿ, ಹಲಗೆಗಳನ್ನು ಮೇಲಿಂದ ಕ್ಲ್ಯಾಂಪ್ ಹಾಕಿ ಅದುಮುವುದು ಕಡ್ಡಾಯ. ಹಲಸು ಎಪಾಕ್ಸಿಗಿಂತ ಹಗುರ, ಬಿಟ್ಟರೆ ತೇಲುತ್ತದೆ. ಒಂದೇ ಸಲ ಪೂರ್ತಿ ಸುರಿಯುವುದಿಲ್ಲ. ಬೇಗ ಗಟ್ಟಿಯಾಗುವ ಮಂದ ಎಪಾಕ್ಸಿಯನ್ನು ಹಲಗೆಯ ಅಂಚಿಗೂ ತೊಗಟೆ ಬಿರುಕಿಗೂ ಬಳಿದು, ತಳಕ್ಕೂ ಅದನ್ನೇ ಸುಮಾರು 3 ಮಿ.ಮೀ. ದಪ್ಪಕ್ಕೆ ಸುರಿದು, ಅದು ಅಂಟಂಟಾದಾಗ ಮಿಕ್ಕಿದ್ದನ್ನು ಸುರಿಯುತ್ತೇನೆ. ಮರದೊಳಗಿನ ಗಾಳಿ ಗುಳ್ಳೆಯಾಗಿ ಏಳುವುದೂ ಇದರಿಂದ ಬಹಳ ಕಡಿಮೆ.

ಸುರಿಯುವ ದಿನ ಮಕ್ಕಳು ಆಡುವ ಎಣ್ಣೆಮಣ್ಣಿನ ಕ್ಲೇ ಕೈಗೆಟುಕುವಲ್ಲಿರಲಿ. ಎಲ್ಲಾದರೂ ಜಿನುಗಿದರೆ ಹೊರಗಿಂದ ಒತ್ತಿ ಹಿಡಿಯಲು ಅದರಷ್ಟು ಬೇಗ ಒದಗುವುದು ಬೇರೊಂದಿಲ್ಲ. ಮೊದಲ ಕೆಲವು ಗಂಟೆ ಅಚ್ಚಿನ ಕೆಳಗೆ ಹಳೇ ಪೇಪರ್ ಹಾಸಿ ಆಗಾಗ ನೋಡುತ್ತಿರುತ್ತೇನೆ, ಹನಿ ಬಿದ್ದರೆ ಯಾವ ಮೂಲೆ ಎಂದು ಕಲೆಯೇ ತೋರಿಸುತ್ತದೆ.