ಮನೆಯ ಗೋಬರ್ ಗ್ಯಾಸ್: ಅಪಾಯ ಎಲ್ಲಿ ಕೂತಿರುತ್ತದೆ, ಹೇಗೆ ನಡೆಸಬೇಕು

ಗುಮ್ಮಟದೊಳಗೆ ತುಂಬಿಕೊಂಡಿರುವ ಗೋಬರ್ ಗ್ಯಾಸಿಗೆ ಬೆಂಕಿ ಹತ್ತುವುದಿಲ್ಲ, ಯಾಕೆಂದರೆ ಅಲ್ಲಿ ಗಾಳಿಯೇ ಇಲ್ಲ. ಈ ಗ್ಯಾಸಿನಲ್ಲಿ ನೂರಕ್ಕೆ 55ರಿಂದ 65 ಪಾಲು ಮೀಥೇನ್, ಉಳಿದದ್ದರಲ್ಲಿ ಬಹುಪಾಲು ಕಾರ್ಬನ್ ಡೈಆಕ್ಸೈಡ್, ಜೊತೆಗೆ ನೀರಾವಿ ಮತ್ತು ತುಸು ಹೈಡ್ರೋಜನ್ ಸಲ್ಫೈಡ್. ಮೀಥೇನ್ ಸಿಡಿಯಬೇಕಾದರೆ ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ 5ರಿಂದ 15ರ ನಡುವೆ ಇರಬೇಕು. ಹಾಗಾಗಿ ಗ್ಯಾಸೂ ಗಾಳಿಯೂ ಬೆರೆಯುವ ಸಂದರ್ಭಗಳು ಯಾವುವು ಎಂದು ತಿಳಿದು, ಆ ಹೊತ್ತಿನಲ್ಲಿ ಹತ್ತಿರ ಕಿಡಿ ಇಲ್ಲದಂತೆ ನೋಡಿಕೊಂಡರೆ ಬೆಂಕಿಯ ಭಯ ಮುಕ್ಕಾಲು ಪಾಲು ಮುಗಿಯಿತು. ಇನ್ನೊಂದು ಅಪಾಯ ಇದಕ್ಕೆ ಉಲ್ಟಾ: ಗುಂಡಿಯೊಳಗೆ ಮನುಷ್ಯನಿಗೆ ಉಸಿರಾಡಲು ಗಾಳಿ ಇಲ್ಲ. ಜನ ಬೆಂಕಿಗೆ ಹೆದರುತ್ತಾರೆ, ಗುಂಡಿಗೆ ಹೆದರುವುದಿಲ್ಲ. ನಿಜಕ್ಕೂ ಹೆದರಬೇಕಾದದ್ದು ಗುಂಡಿಗೆ.

ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ 2 ಘನ ಮೀಟರಿನ ದೀನಬಂಧು ಮಾದರಿಗೆ ಅನ್ವಯಿಸುತ್ತದೆ. 1984ರಲ್ಲಿ ಬಂದ ಈ ಇಟ್ಟಿಗೆಯ ಗುಮ್ಮಟ ಶಿರಸಿ, ಸಿದ್ದಾಪುರ, ಸಾಗರದ ಕಡೆಯ ಕೊಟ್ಟಿಗೆಗಳ ಪಕ್ಕ ಈಗಲೂ ಕಾಣುತ್ತದೆ. ಕಬ್ಬಿಣದ ಡ್ರಮ್ಮು ತೇಲುವ ಹಳೆಯ ಮಾದರಿಗೆ ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಹೇಳಿದೆ.

ಮೊದಲ ಸಲ ತುಂಬುವಾಗ

ದಿನಕ್ಕೆ 50 ಕಿಲೋ ಸಗಣಿಗೆ 50 ಲೀಟರ್ ನೀರು ಸೇರಿಸಿದರೆ 100 ಲೀಟರ್ ಬಗ್ಗಡ. ಅದು ಗುಂಡಿಯಲ್ಲಿ 40 ದಿನ ನಿಲ್ಲಬೇಕು ಎಂದಿಟ್ಟುಕೊಂಡರೆ ಮೊದಲ ತುಂಬುವಿಕೆಗೆ ಸುಮಾರು 4,000 ಲೀಟರ್ ಬಗ್ಗಡ ಬೇಕು, ಅಂದರೆ ಎರಡು ಟನ್ ಸಗಣಿ. ಒಂದೇ ಮನೆಯಲ್ಲಿ ಇಷ್ಟು ಒಟ್ಟಾಗಲು ಕೆಲವು ವಾರ ಹಿಡಿಯುತ್ತದೆ. ಕೂಡಿಡುವ ಸಗಣಿ ಒಣಗದಂತೆ ಮುಚ್ಚಿಡಿ. ಈಗಾಗಲೇ ನಡೆಯುತ್ತಿರುವ ಸ್ಥಾವರದಿಂದ 400 ಲೀಟರಿನಷ್ಟು ಹಳೆಯ ಬಗ್ಗಡ, ಅಂದರೆ ಎರಡು ದೊಡ್ಡ ಡ್ರಮ್ಮು, ತಂದು ಸುರಿದರೆ ಹಾಲಿಗೆ ಹೆಪ್ಪು ಹಾಕಿದಂತೆ ಕೆಲಸ ಬೇಗ ಶುರುವಾಗುತ್ತದೆ.

ತುಂಬುವಾಗ ಗುಮ್ಮಟದ ನೆತ್ತಿಯ ಗೇಟ್ ವಾಲ್ವ್ ತೆರೆದೇ ಇರಲಿ. ಬಗ್ಗಡ ಏರಿದಂತೆ ಒಳಗಿನ ಗಾಳಿ ಹೊರಬೀಳಬೇಕು. ಒಳಹಾಕುವ ಪೈಪಿನ ಬಾಯಿ, ಕೊಳೆತ ಬಗ್ಗಡ ಹೊರಬರುವ ಹೊರತೊಟ್ಟಿಯ ಬಾಯಿ ಎರಡೂ ಬಗ್ಗಡದಲ್ಲಿ ಮುಳುಗಿದ ಮೇಲೆ ವಾಲ್ವ್ ಮುಚ್ಚಿ.

ಇಲ್ಲಿಂದ ಮುಂದಿನ ಎರಡು ಮೂರು ವಾರ ಎಚ್ಚರದ ಕಾಲ. ಗುಮ್ಮಟದಲ್ಲಿ ಉಳಿದ ಗಾಳಿಗೆ ಮೀಥೇನ್ ನಿಧಾನವಾಗಿ ಸೇರುತ್ತಾ ಹೋಗುತ್ತದೆ. ಸೊನ್ನೆಯಿಂದ ಐವತ್ತಕ್ಕೆ ಏರುವ ದಾರಿಯಲ್ಲಿ ಅದು 5ರಿಂದ 15ರ ನಡುವೆ ಹಾದೇ ಹೋಗಬೇಕಲ್ಲ. ಆ ದಿನಗಳಲ್ಲಿ ಯಾರಾದರೂ ಕುತೂಹಲಕ್ಕೆ ನೆತ್ತಿಯ ಪೈಪಿಗೆ ಕಡ್ಡಿ ಗೀರಿದರೆ ಬೆಂಕಿ ಪೈಪಿನೊಳಗೆ ನುಗ್ಗಿ ಗುಮ್ಮಟವನ್ನೇ ಸೀಳಬಹುದು. ಮೊದಲು ತುಂಬಿದ ಗ್ಯಾಸನ್ನು ಬಯಲಿಗೆ ಪೂರ್ತಿ ಬಿಟ್ಟುಬಿಡಿ. ಎರಡನೆಯ ಸಲದ್ದನ್ನೂ ಹಾಗೆಯೇ ಬಿಡಿ. ಗ್ಯಾಸ್ ದಂಡವಾಯಿತು ಎಂದು ಮರುಗಬೇಡಿ. ಅದರಲ್ಲಿ ಕಾರ್ಬನ್ ಡೈಆಕ್ಸೈಡೇ ಹೆಚ್ಚು, ಸ್ಟೌವಿನಲ್ಲಿ ಸರಿಯಾಗಿ ಉರಿಯುವುದೂ ಇಲ್ಲ. ಮೂರನೆಯ ಸಲ ಪರೀಕ್ಷೆ ಮಾಡಿ, ಅದೂ ಅಡುಗೆಮನೆಯ ಸ್ಟೌವಿನಲ್ಲಿ ಮಾತ್ರ. ಸ್ಥಾವರದ ಬಳಿ ಎಂದೂ ಜ್ವಾಲೆ ಹಿಡಿಯಬಾರದು.

ದಿನದ ಮೇವು

ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಗ್ಯಾಸ್ ಸಿಗುತ್ತದೆ. 2 ಘನ ಮೀಟರಿಗೆ 50 ಕಿಲೋ ಬೇಕಾಗುವುದು ಈ ಲೆಕ್ಕದಿಂದ. ಪುಸ್ತಕದ ಪ್ರಕಾರ ಹಸು ದಿನಕ್ಕೆ 10 ಕಿಲೋ, ಎಮ್ಮೆ 15 ಕಿಲೋ ಹಾಕುತ್ತದೆ. ಮಲೆನಾಡು ಗಿಡ್ಡ ಅಷ್ಟು ಹಾಕುವುದಿಲ್ಲ, ಮೇಯಲು ಹೋದ ದನದ ಸಗಣಿ ಬೆಟ್ಟದಲ್ಲೇ ಉಳಿಯುತ್ತದೆ. ಆದ್ದರಿಂದ ತಲೆ ಎಣಿಸಬೇಡಿ, ಒಂದು ವಾರ ಬುಟ್ಟಿ ತೂಗಿ ನೋಡಿ.

ಸಗಣಿಗೆ ಸಮತೂಕದ ನೀರು ಹಾಕಿ, ಗಂಟಿಲ್ಲದಂತೆ ಕಲಸಿ, ಹುಲ್ಲು, ದರಕು, ಹಗ್ಗದ ತುಂಡು ಆರಿಸಿ, ಮರಳು ತಳಕ್ಕೆ ಕೂತ ಮೇಲೆ ಬಿಡಿ. ನೀರು ಕಡಿಮೆಯಾದರೆ ಮೇಲೆ ಗಟ್ಟಿ ಕೆನೆ ಕಟ್ಟಿ ಗ್ಯಾಸ್ ಏಳಲು ಬಿಡುವುದಿಲ್ಲ. ನೀರು ಜಾಸ್ತಿಯಾದರೆ ಸಗಣಿ ಕೆಳಗೆ ಕೂರುತ್ತದೆ, ಪೂರ್ತಿ ಕೊಳೆಯುವ ಮುಂಚೆಯೇ ಆಚೆ ಹೋಗುತ್ತದೆ. ಗಂಜಳ ಸ್ವಲ್ಪ ಸೇರಿದರೆ ತೊಂದರೆಯಿಲ್ಲ, ನೀರಿನ ಬದಲಿಗೆ ಅದನ್ನೇ ಸುರಿದರೆ ಅಮೋನಿಯ ಹೆಚ್ಚಿ ಗ್ಯಾಸ್ ಕುಗ್ಗುತ್ತದೆ.

ಕೊಟ್ಟಿಗೆಗೆ ಫಿನಾಯಿಲ್ ಹಾಕಿ ತೊಳೆದ ನೀರು, ಸೋಪಿನ ನೀರು, ಆಂಟಿಬಯೋಟಿಕ್ ಸೂಜಿ ಬಿದ್ದ ದನದ ಸಗಣಿ ತೊಟ್ಟಿಗೆ ಹೋಗಬಾರದು. ಅಡಿಕೆ ತೋಟದವರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ: ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಕಲಸಿದ ಡ್ರಮ್ಮು, ಬಕೆಟ್ಟುಗಳಲ್ಲಿ ಬಗ್ಗಡ ಕಲಸಬೇಡಿ. ಕೊಳೆರೋಗದ ಶಿಲೀಂಧ್ರವನ್ನು ಕೊಲ್ಲುವ ಮೈಲುತುತ್ತದ ತಾಮ್ರ, ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳನ್ನೂ ಬಿಡುವುದಿಲ್ಲ. ಮಳೆಗಾಲದಲ್ಲಿ ಗ್ಯಾಸ್ ಕಡಿಮೆಯಾದಾಗ ಎಲ್ಲರೂ ಚಳಿಯನ್ನು ದೂರುತ್ತಾರೆ. ಕೆಲವೊಮ್ಮೆ ಕಾರಣ ಆ ಡ್ರಮ್ಮಿನಲ್ಲಿರುತ್ತದೆ.

ಉಳಿದ ಅನ್ನ, ಹಿಟ್ಟು, ಹಣ್ಣಿನ ಸಿಪ್ಪೆ ಒಮ್ಮೆಲೇ ರಾಶಿ ಸುರಿದರೆ ಬಗ್ಗಡ ಹುಳಿಯಾಗುತ್ತದೆ. ಹುಳಿ ನಾತ, ನೊರೆ, ಕಡ್ಡಿ ಗೀರಿದರೆ ಹತ್ತಿ ಆರಿಹೋಗುವ ಬೆಂಕಿ ಇದರ ಗುರುತು. ಪಿಎಚ್ ಪಟ್ಟಿಯಲ್ಲಿ 6.8ರಿಂದ 7.5 ಇರಬೇಕಾದದ್ದು 6.5ಕ್ಕಿಂತ ಕೆಳಗೆ ತೋರುತ್ತದೆ. ಆಗ ನಾಲ್ಕೈದು ದಿನ ಏನೂ ಹಾಕಬೇಡಿ. ಆಮೇಲೆ ಅರ್ಧ ಪ್ರಮಾಣದ ಸಗಣಿಯಿಂದ ಶುರು ಮಾಡಿ. ತಿಳಿ ಸುಣ್ಣದ ನೀರು ಸ್ವಲ್ಪ ಸ್ವಲ್ಪ ಸೇರಿಸಿ, ದಿನವೂ ಪಿಎಚ್ ನೋಡಿ. ಸುಣ್ಣದ ಗಟ್ಟಿಯನ್ನೇ ಸುರಿಯಬಾರದು.

ಪೈಪು, ನೀರು, ಸೋರಿಕೆ

ಗ್ಯಾಸಿನ ಜೊತೆ ಬರುವ ನೀರಾವಿ ಪೈಪಿನಲ್ಲಿ ನೀರಾಗುತ್ತದೆ. ಪೈಪು 100 ಅಡಿಗೆ 1 ಅಡಿಯಷ್ಟು ಇಳಿಜಾರಿರಬೇಕು. ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ ವಾಟರ್ ಟ್ರ್ಯಾಪ್ ಇರಬೇಕು. ವಾರಕ್ಕೊಮ್ಮೆ, ಮಳೆಗಾಲದಲ್ಲಿ ಎರಡು ಸಲ ಅದರ ನೀರು ತೆಗೆಯಿರಿ, ಆಮೇಲೆ ಮುಚ್ಚಲು ಮರೆಯಬೇಡಿ. ಜ್ವಾಲೆ ಪುಕಪುಕನೆ ಕುಣಿಯುತ್ತಿದ್ದರೆ ಪೈಪಿನಲ್ಲಿ ನೀರಿದೆ ಎಂದೇ ಅರ್ಥ. ಹಾಗೆ ಕುಣಿಯುವ ಬೆಂಕಿ ಒಮ್ಮೆ ಆರಿದರೆ, ನೀರು ಸರಿದ ಮೇಲೆ ಉರಿಯದ ಗ್ಯಾಸ್ ಅಡುಗೆಮನೆಗೆ ಸುಮ್ಮನೆ ಬರುತ್ತಲೇ ಇರುತ್ತದೆ.

ಸೋರಿಕೆ ಇದೆಯೋ ಎಂದು ತಿಳಿಯಲು ರಾತ್ರಿ ಎಲ್ಲ ಸ್ಟೌ ಮುಚ್ಚಿ, ಹೊರತೊಟ್ಟಿಯ ಗೋಡೆಯ ಮೇಲೆ ಬಗ್ಗಡದ ಮಟ್ಟಕ್ಕೆ ಗೆರೆ ಎಳೆಯಿರಿ. ರಾತ್ರಿಯಿಡೀ ಗ್ಯಾಸ್ ಹುಟ್ಟುವುದರಿಂದ ಬೆಳಿಗ್ಗೆಗೆ ಮಟ್ಟ ಏರಿರಬೇಕು. ಏರಿಲ್ಲ ಅಥವಾ ಇಳಿದಿದೆ ಎಂದಾದರೆ ಮರುರಾತ್ರಿ ನೆತ್ತಿಯ ವಾಲ್ವನ್ನೂ ಮುಚ್ಚಿ ನೋಡಿ. ಆಗ ಏರಿದರೆ ತೂತು ಪೈಪಿನಲ್ಲಿದೆ, ಆಗಲೂ ಏರದಿದ್ದರೆ ಗುಮ್ಮಟ ಅಥವಾ ವಾಲ್ವಿನ ಬುಡವನ್ನು ಅನುಮಾನಿಸಿ. ಮುಂದೆ ಪ್ರತಿ ಕೀಲಿಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವ ಜಾಗ ಹುಡುಕಿ. ಕಡ್ಡಿ ಗೀರಿ ಹುಡುಕುವ ಚಾಳಿ ಬಿಡಿ. ಗುಮ್ಮಟದ ಮೇಲಿನ ಮಣ್ಣು ಮಳೆಗೆ ಕೊಚ್ಚಿಹೋಗಿದ್ದರೆ ಮತ್ತೆ ಹಾಕಿ. ಗ್ಯಾಸಿನ ಒತ್ತಡಕ್ಕೆ ಗುಮ್ಮಟ ಬಿರಿಯದಂತೆ ಹಿಡಿದಿಡುವುದು ಆ ಮಣ್ಣಿನ ಭಾರ.

ಸಿಲಿಂಡರಿನ ಸ್ಟೌವಿಗೆ ನೇರವಾಗಿ ಇದನ್ನು ಜೋಡಿಸಬಾರದು. ಎಲ್‌ಪಿಜಿಗೆ ಅದರ ಗಾತ್ರದ 25ರಿಂದ 30 ಪಟ್ಟು ಗಾಳಿ ಬೇಕು, ಗೋಬರ್ ಗ್ಯಾಸಿಗೆ ಆರು ಪಟ್ಟು ಸಾಕು. ಎಲ್‌ಪಿಜಿಗೆಂದು ಮಾಡಿದ ಸಣ್ಣ ಜೆಟ್ಟಿನಲ್ಲಿ ಜ್ವಾಲೆ ಹಾರಿ ಆರುತ್ತದೆ. ಐಎಸ್ 8749 ಗುರುತಿನ ಬಯೋಗ್ಯಾಸ್ ಸ್ಟೌ ತನ್ನಿ. ನೀಲಿ ಜ್ವಾಲೆ ಬರುವವರೆಗೆ ಗಾಳಿಯ ತೂತು ಸರಿಹೊಂದಿಸಿ. ರಬ್ಬರ್ ಟ್ಯೂಬನ್ನು ಬಿರುಕು ಬಿಡುವ ಮುಂಚೆಯೇ ಬದಲಿಸಿ.

ಅಡುಗೆಮನೆ ಮತ್ತು ಬಚ್ಚಲು

ಮೊದಲು ಕಡ್ಡಿ ಗೀರಿ, ಆಮೇಲೆ ನಾಬ್ ತಿರುಗಿಸಿ. ಉಲ್ಟಾ ಮಾಡಿದರೆ ಕಡ್ಡಿಪೆಟ್ಟಿಗೆ ಹುಡುಕುವಷ್ಟರಲ್ಲಿ ಗ್ಯಾಸ್ ಸ್ಟೌವಿನ ಸುತ್ತ ಹರಡಿರುತ್ತದೆ.

ಎಷ್ಟು ಗ್ಯಾಸ್ ಸೋರಿದರೆ ಅಪಾಯ ಎಂಬ ಲೆಕ್ಕ ಹಾಕಿದರೆ ಯಾವ ಕೋಣೆಯ ಮೇಲೆ ಕಣ್ಣಿಡಬೇಕು ಎಂದು ತಿಳಿಯುತ್ತದೆ. ಎರಡೂವರೆ ಮೀಟರ್ ಉದ್ದಗಲದ, 2.8 ಮೀಟರ್ ಎತ್ತರದ ಅಡುಗೆಮನೆಯಲ್ಲಿ 17.5 ಘನ ಮೀಟರ್ ಗಾಳಿ ಇರುತ್ತದೆ. ಅದರ ನೂರಕ್ಕೆ 5 ಪಾಲು ಮೀಥೇನ್ ಆಗಬೇಕಾದರೆ ಒಂದೂವರೆ ಘನ ಮೀಟರಿನಷ್ಟು ಗೋಬರ್ ಗ್ಯಾಸ್ ಬೇಕು. ಗಂಟೆಗೆ 0.45 ಘನ ಮೀಟರ್ ಕುಡಿಯುವ ಬರ್ನರ್ ಉರಿಯದೆ ತೆರೆದಿದ್ದರೆ ಮೂರು ಗಂಟೆಗೆ ಅಷ್ಟಾಗುತ್ತದೆ. ಆದರೆ 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 2.3 ಮೀಟರ್ ಎತ್ತರದ ಬಚ್ಚಲುಮನೆಯಲ್ಲಿ ಅದೇ ಬರ್ನರಿಗೆ ಒಂದೂಕಾಲು ಗಂಟೆ ಸಾಕು. ಇದೂ ಗ್ಯಾಸ್ ಕೋಣೆಯಿಡೀ ಸಮನಾಗಿ ಹರಡಿದರೆ ಮಾತ್ರ. ಬರ್ನರಿನ ಸುತ್ತಮುತ್ತ ಅದಕ್ಕಿಂತ ಎಷ್ಟೋ ಮೊದಲೇ ಆ ಮಟ್ಟ ಮುಟ್ಟುತ್ತದೆ. ಬಚ್ಚಲಿನಲ್ಲಿ ಹಂಡೆ ಕಾಯಿಸಲು ಗ್ಯಾಸ್ ಇಟ್ಟವರು ಮೇಲೊಂದು ಕೆಳಗೊಂದು ಮುಚ್ಚಲಾಗದ ಕಿಂಡಿ ಬಿಡಬೇಕು.

ಕೊಳೆತ ಮೊಟ್ಟೆಯ ನಾತ ಬಂದರೆ ಕಿಟಕಿ ಬಾಗಿಲು ತೆರೆದು, ಸೌದೆ ಒಲೆಯ ಕೆಂಡಕ್ಕೆ ನೀರು ಹಾಕುತ್ತಲೋ ಬೂದಿ ಮುಚ್ಚುತ್ತಲೋ ಕೂರದೆ, ಎಲ್ಲರೂ ಹೊರಬನ್ನಿ. ಲೈಟಿನ ಸ್ವಿಚ್ಚು ಹಾಕುವುದೂ ಬೇಡ, ಆರಿಸುವುದೂ ಬೇಡ. ಹೊರಗಿನಿಂದ ನೆತ್ತಿಯ ವಾಲ್ವ್ ಮುಚ್ಚಿ.

ಗುಂಡಿ

ಹೈಡ್ರೋಜನ್ ಸಲ್ಫೈಡಿನ ನಾತ ಮೂಗಿಗೆ ಬೇಗ ಗೊತ್ತಾಗುತ್ತದೆ ಎಂಬ ಧೈರ್ಯ ಜನರನ್ನು ಕೊಂದಿದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು 100 ಪಾಲು ತಲುಪಿದರೆ ಕೆಲವೇ ನಿಮಿಷಗಳಲ್ಲಿ ಮೂಗು ಸೋತುಹೋಗುತ್ತದೆ, ನಾತ ನಿಂತಿತು ಅನ್ನಿಸುತ್ತದೆ. 500 ದಾಟಿದರೆ ಮನುಷ್ಯ ಕುಸಿಯುತ್ತಾನೆ. 1,000ದ ಹತ್ತಿರ ಒಂದೆರಡು ಉಸಿರಿಗೇ ಬೀಳುತ್ತಾನೆ. ಇದೂ ಕಾರ್ಬನ್ ಡೈಆಕ್ಸೈಡೂ ಗಾಳಿಗಿಂತ ಭಾರ. ಗುಂಡಿಯನ್ನು ಒಂದು ದಿನ ತೆರೆದಿಟ್ಟರೂ ತಳದಲ್ಲಿ ನಿಂತೇ ಇರುತ್ತವೆ. ಮೇಲೆ ಶಾಂತವಾಗಿ ಕಾಣುವ ಬಗ್ಗಡವನ್ನು ಕಾಲಿನಲ್ಲೋ ಸಲಿಕೆಯಲ್ಲೋ ಕದಡಿದ ಕೂಡಲೇ ಒಳಗೆ ಕರಗಿದ್ದದ್ದು ಒಮ್ಮೆಲೇ ಏಳುತ್ತದೆ.

ಆದ್ದರಿಂದ ಮನೆಯವರಾಗಲಿ ಕೆಲಸದವರಾಗಲಿ ಗುಂಡಿಗೆ ಇಳಿಯಬಾರದು. ಹೊರತೊಟ್ಟಿಯ ಚಪ್ಪಡಿ ಸರಿಸಿ ತಲೆ ಒಳಗಿಡುವುದೂ ಇಳಿದಂತೆಯೇ. ಪೈಪು ಕಟ್ಟಿಕೊಂಡರೆ ಗಾಳಿಗೆ ಬೆನ್ನು ಮಾಡಿ, ನಿಂತುಕೊಂಡೇ ಉದ್ದನೆಯ ಬಿದಿರು ಆಡಿಸಿ. ಬಗ್ಗಡ ಖಾಲಿ ಮಾಡಲೇಬೇಕಾದರೆ ಮೊದಲು ಅಡುಗೆಮನೆಯ ವಾಲ್ವ್ ಮುಚ್ಚಿ, ಗುಮ್ಮಟದ ನೆತ್ತಿಯಲ್ಲಿ ಪೈಪಿನ ಕೀಲು ಬಿಚ್ಚಿ ಗ್ಯಾಸ್ ಬಯಲಿಗೆ ಹೋಗಲು ಬಿಡಿ. ಇದನ್ನು ಬಿಚ್ಚದೆ ಪಂಪ್ ಹಾಕಿದರೆ ಒಳಗೆ ನಿರ್ವಾತವಾಗಿ ಗುಮ್ಮಟ ಬಿರಿಯಬಹುದು, ಇಲ್ಲವೇ ಸ್ಟೌ ಮತ್ತು ವಾಟರ್ ಟ್ರ್ಯಾಪಿನ ದಾರಿಯಿಂದ ಗಾಳಿ ಒಳಗೆ ಎಳೆದುಕೊಂಡು ಸಿಡಿಯುವ ಮಿಶ್ರಣವೇ ತಯಾರಾಗುತ್ತದೆ. ಆ ದಿನ ಹತ್ತಿರ ಬೀಡಿ, ಒಲೆ, ವೆಲ್ಡಿಂಗ್ ಯಾವುದೂ ಇರಬಾರದು, ಪಂಪನ್ನು ದೂರ ಇಟ್ಟು ಪೈಪಿನಿಂದ ಎಳೆಯಬೇಕು. ಮಳೆಗಾಲದಲ್ಲಿ ಈ ಕೆಲಸವನ್ನೇ ಹಿಡಿಯಬೇಡಿ. ಸುತ್ತಲಿನ ಮಣ್ಣಿನಲ್ಲಿ ನೀರು ಏರಿದ್ದಾಗ ಖಾಲಿ ಗುಂಡಿಯ ತಳ ಬಿರಿದು ಮೇಲೇಳುತ್ತದೆ.

ಗುಮ್ಮಟದ ಒಳಗಿನ ದುರಸ್ತಿಗೆ ಯಾರಾದರೂ ಇಳಿಯುವುದೇ ಆದರೆ ಅದು ತರಬೇತಾದವರ ಕೆಲಸ. ಬ್ಲೋವರಿನಿಂದ ತಳಕ್ಕೆ ಗಾಳಿ ಹೊಡೆಯುತ್ತಿರಬೇಕು. ಗ್ಯಾಸ್ ಮಾಪಕದಲ್ಲಿ ಆಮ್ಲಜನಕ ನೂರಕ್ಕೆ 19.5ಕ್ಕಿಂತ ಮೇಲೆ, ಹೈಡ್ರೋಜನ್ ಸಲ್ಫೈಡ್ ಹತ್ತು ಲಕ್ಷಕ್ಕೆ 10ಕ್ಕಿಂತ ಕೆಳಗೆ ತೋರಬೇಕು, ಕೆಲಸ ಮುಗಿಯುವವರೆಗೂ ನೋಡುತ್ತಿರಬೇಕು. ಎದೆಗೆ ಬೆಲ್ಟು, ಬೆಲ್ಟಿಗೆ ಹಗ್ಗ, ಮೇಲೆ ಎಳೆಯಲು ಇಬ್ಬರು ಬೇಕು. ಕೋಳಿಯನ್ನು ಬುಟ್ಟಿಯಲ್ಲಿ ಇಳಿಸಿ ನೋಡುವುದು, ದೀಪ ಇಳಿಸುವುದು ಹಳೆಯ ಪದ್ಧತಿ. ಕೋಳಿ ಬದುಕಿದ ಮಾತ್ರಕ್ಕೆ ಬಗ್ಗಡ ಕದಡಿದ ಮೇಲೂ ನೀವು ಬದುಕುತ್ತೀರಿ ಎಂದಲ್ಲ. ದೀಪವಂತೂ ಸಿಡಿತಕ್ಕೆ ಕಿಡಿ ಕೊಟ್ಟಂತೆ.

ಒಬ್ಬ ಬಿದ್ದರೆ ಕೂಡಲೇ ಇನ್ನೊಬ್ಬ ಹಾರುತ್ತಾನೆ. ಅಣ್ಣ ಬಿದ್ದನೆಂದು ತಮ್ಮ, ಮಗ ಬಿದ್ದನೆಂದು ಅಪ್ಪ. ಸಾವು ಒಂದರಿಂದ ಮೂರಾಗುವುದು ಹೀಗೆ. ಹಗ್ಗ ಇದ್ದರೆ ಮೇಲಿನಿಂದ ಎಳೆಯಿರಿ. ಇಲ್ಲದಿದ್ದರೆ ಬ್ಲೋವರ್, ಸ್ಪ್ರೇಯರ್, ಕೈಗೆ ಸಿಕ್ಕಿದ್ದರಿಂದ ಗಾಳಿ ಹೊಡೆಯುತ್ತಾ 112ಕ್ಕೆ ಕರೆ ಮಾಡಿ, ಉಸಿರಾಟದ ಸಿಲಿಂಡರ್ ತರಬೇಕೆಂದು ಅಗ್ನಿಶಾಮಕ ದಳಕ್ಕೆ ತಿಳಿಸಿ. ಮೇಲೆತ್ತಿದವನನ್ನು ಬಯಲಿನಲ್ಲಿ ಮಲಗಿಸಿ. ಉಸಿರಿಲ್ಲದಿದ್ದರೆ ಎದೆ ಒತ್ತುತ್ತಾ 108 ಬರುವವರೆಗೆ ನಿಲ್ಲಿಸಬೇಡಿ.

ತೇಲುವ ಡ್ರಮ್ಮು ಇರುವವರು

ಡ್ರಮ್ಮು ತೂತಾದರೆ ಅದು ಗುಂಡಿಯ ಮೇಲಿರುವಾಗಲೇ ವೆಲ್ಡಿಂಗ್ ಮಾಡಿಸಬೇಡಿ. ಎತ್ತಿ ದೂರ ಒಯ್ದು, ತೊಳೆದು, ಮಗುಚಿ ಗಾಳಿಗೆ ಬಿಟ್ಟ ಮೇಲೆ ಕಿಡಿ ತಾಗಿಸಬಹುದು. ಪ್ರತಿ ವರ್ಷ ಬೇಸಿಗೆಯಲ್ಲಿ ಬಣ್ಣ ಹೊಡೆದರೆ ಈ ಪಾಡು ಅಪರೂಪ.

ಗ್ಯಾಸಿನಲ್ಲಿ ಜನರೇಟರ್ ಓಡಿಸುವವರು ಹೈಡ್ರೋಜನ್ ಸಲ್ಫೈಡ್ ಸೋಸಲು ಕಬ್ಬಿಣದ ಚೂರು ತುಂಬಿದ ಕೊಳವೆ ಇಡುತ್ತಾರೆ. ಕಪ್ಪಾದ ಆ ಚೂರನ್ನು ಹೊರತೆಗೆದಾಗ ಗಾಳಿ ತಾಗಿ ತಾನೇ ಕಾಯುತ್ತದೆ, ಹೊತ್ತಿಕೊಳ್ಳಲೂಬಹುದು. ನೀರು ಚಿಮುಕಿಸುತ್ತಾ ತೆಗೆದು, ಹುಲ್ಲಿನ ಬಣವೆಯಿಂದ ದೂರ ಬರಿ ನೆಲದ ಮೇಲೆ ಹರಡಿ. ಇನ್ನೊಂದು ವಿಷಯ: ಸೋಸಿದ ಗ್ಯಾಸಿಗೆ ನಾತವೇ ಇರುವುದಿಲ್ಲ. ಸೋರಿದರೆ ಮೂಗು ಹೇಳುವುದಿಲ್ಲ, ಅಂಥಲ್ಲಿ ಮೀಥೇನ್ ಅಲಾರಂ ಹಾಕಿಸಿ, ಅದೂ ಸೂರಿಗೆ ಹತ್ತಿರವಾಗಿ.

ಹೊರತೊಟ್ಟಿಯ ಚಪ್ಪಡಿ ಒಡೆದಿದ್ದರೆ ಇವತ್ತೇ ಬದಲಿಸಿ. ಕರುವೂ ಮಕ್ಕಳೂ ಬೀಳುವುದು ಅಲ್ಲಿಂದ.