ಕಥೆಯೊಳಗೊಂದು ಕಥೆ ಇಟ್ಟು ಪತ್ತೇದಾರಿ ಕಾದಂಬರಿ ಬರೆಯುವುದು ಹೇಗೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಪ್ರೆಸ್‌ನಲ್ಲಿ 19 ವರ್ಷದಿಂದ ಪ್ರೂಫ್ ನೋಡುತ್ತಿದ್ದೇನೆ. ಪತ್ತೇದಾರಿ ಕಾದಂಬರಿ ಅಂದರೆ ನನಗೆ ಪ್ರಾಣ. ಅದರಲ್ಲೂ ಒಂದು ಕೊಲೆಯ ಕಥೆಯೊಳಗೆ ಯಾರೋ ಬರೆದಿಟ್ಟ ಇನ್ನೊಂದು ಕೊಲೆಯ ಕಥೆ ಸಿಗುತ್ತದಲ್ಲ, ಅಂಥದ್ದು. ಈಗ ನಾನೇ ಒಂದು ಬರೆಯುತ್ತಿದ್ದೇನೆ. ನಿಮಗೂ ಬರೆಯುವ ಮನಸ್ಸಿದ್ದರೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ಒಳಗಿನ ಕಥೆಯನ್ನು ಪೂರ್ತಿ ಬರೆದು ಮುಗಿಸಿ. ಅದನ್ನು ಓದುಗರಿಗೆ ಅರ್ಧವೇ ತೋರಿಸುವುದಾದರೂ ಸರಿ, ನಿಮ್ಮ ಹತ್ತಿರ ಪೂರ್ತಿ ಇರಬೇಕು.

ನನ್ನ ಒಳಗಿನ ಕಥೆ 1481ರ ಬೀದರಿನದು. ಬಹಮನಿ ಸುಲ್ತಾನ ಮೂರನೇ ಮುಹಮ್ಮದ್ ಶಾಹನ ವಜೀರ ಮಹಮೂದ್ ಗವಾನ್. ಅವನನ್ನು ಕಂಡರಾಗದವರು, ಅವನ ಮೊಹರು ಇಟ್ಟುಕೊಂಡಿದ್ದವನಿಂದ ಖಾಲಿ ಕಾಗದಕ್ಕೆ ಮೊಹರು ಒತ್ತಿಸಿಕೊಂಡರು. ಆಮೇಲೆ ಅದರ ಮೇಲೆ, ದಂಡೆತ್ತಿ ಬಾ ಅಂತ ಒಡಿಶಾದ ರಾಜನಿಗೆ ಪತ್ರ ಬರೆದರು. ಮೊಹರು ನನ್ನದೇ, ಪತ್ರ ನನ್ನದಲ್ಲ ಅಂದನಂತೆ ಗವಾನ್. ಸುಲ್ತಾನ ನಂಬಲಿಲ್ಲ, ತಲೆ ತೆಗೆಸಿದ. ಇಷ್ಟು ಇತಿಹಾಸ. ನಾನು ಸೇರಿಸಿದ್ದು ಆ ಖಾಲಿ ಕಾಗದವನ್ನು ಕಣ್ಣಾರೆ ಕಂಡ ಒಬ್ಬ ಹುಡುಗನನ್ನು. ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದಲ್ಲಿ ಅವನು ಓದುತ್ತಾನೆ. ಅವನಿಗಾಗಿ ರೈಲು ಹತ್ತಿ ಬೀದರಿಗೆ ಹೋಗಿ ಒಂದು ಮಧ್ಯಾಹ್ನ ಆ ಕಟ್ಟಡದ ಮುಂದೆ ಕೂತೆ. ಇದ್ದ ಎರಡು ಮಿನಾರಗಳಲ್ಲಿ ಈಗ ಒಂದೇ ಉಳಿದಿದೆ. ನನ್ನ ಹುಡುಗ ಕೂರುವುದು ಬಿದ್ದುಹೋದ ಆ ಇನ್ನೊಂದರ ನೆರಳಲ್ಲಿ.

ಇನ್ನು ಹೊರಗಿನ ಕಥೆ. ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಒಳಗಿನ ಕಥೆ ತೆಗೆದುಹಾಕಿದರೂ ಹೊರಗಿನ ಕೊಲೆಗಾರ ಸಿಗುತ್ತಾನಾ ಅಂತ ಕೇಳಿಕೊಳ್ಳಿ. ಸಿಗುತ್ತಾನೆ ಅಂದರೆ ಒಳಗಿನದು ಸುಮ್ನೆ ಅಲಂಕಾರ. ಮತ್ತೆ ಶುರು ಮಾಡಿ.

ನನ್ನ ಹೊರಗಿನ ಕಥೆಯಲ್ಲಿ ಆ ಹುಡುಗನ ಕಥೆ ಬರೆದ ಆಳಂದದ ಲೇಖಕರು ಸತ್ತಿದ್ದಾರೆ. ಪುಸ್ತಕ ಪ್ರೆಸ್‌ನಲ್ಲಿದೆ, ಕೊನೆಯ ಫಾರಂ ಮಾತ್ರ ಕಾಣೆ. ಒಂದೇ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ 16 ಪುಟಕ್ಕೆ ಪ್ರೆಸ್‌ನಲ್ಲಿ ಫಾರಂ ಅನ್ನುತ್ತೇವೆ. ಎಲ್ಲರೂ ಆ 16 ಪುಟ ಹುಡುಕುತ್ತಾರೆ. ಉತ್ತರ ಇರುವುದು ಕೈಯಲ್ಲಿರುವ ಪುಟಗಳಲ್ಲೇ. ಆ ಲೇಖಕರು ಜೀವಮಾನವಿಡೀ 'ಮುಂಜಾನೆ' ಅಂತಲೇ ಬರೆದವರು. 97ನೇ ಪುಟದಿಂದ, ಅಂದರೆ ಏಳನೇ ಫಾರಂನಿಂದ, ಆ ಹುಡುಗ 'ಬೆಳಿಗ್ಗೆ' ಏಳತೊಡಗುತ್ತಾನೆ. ಹೆಸರು ಅವರದು, ಬರಹ ಅವರದಲ್ಲ. ಗವಾನನ ಮೊಹರಿನ ಹಾಗೆಯೇ ಅಲ್ವಾ? ಒಳಗಿನ ಕಥೆಯಲ್ಲಿ ಏನಾಯಿತು ಅನ್ನುವುದಕ್ಕಿಂತ ಅದನ್ನು ಬರೆದವರು ಯಾರು ಅನ್ನುವುದೇ ಸುಳಿವಾದರೆ, ಎರಡೂ ಕಥೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇದು ಊಹೆಯ ಮಾತಲ್ಲ. ಒಮ್ಮೆ ಒಂದು ಆತ್ಮಕಥೆಯ ಪ್ರೂಫ್ ನೋಡುವಾಗ, ನಡುವಿನ ಎರಡು ಅಧ್ಯಾಯ ಬೇರೆ ಕೈಯವು ಅಂತ ಇಂಥದ್ದೇ ಒಂದು ಪದದಿಂದ ನನಗೆ ಗೊತ್ತಾಗಿತ್ತು.

ಸುಳಿವನ್ನು ಬಚ್ಚಿಡಬೇಡಿ, ಗದ್ದಲದ ನಡುವೆ ಇಡಿ. ನನ್ನ ಮೊದಲ 'ಬೆಳಿಗ್ಗೆ' ಇರುವುದು ಒಂದು ಜಗಳದ ನಡುವೆ. ಓದುಗರ ಕಣ್ಣು ಜಗಳದ ಮೇಲಿರುತ್ತದೆ. ಆದರೆ ಹಿಂದೆ ತಿರುಗಿ ನೋಡಿದರೆ ಪದ ಅಲ್ಲೇ ಇರಬೇಕು. ಇಲ್ಲದಿದ್ದರೆ ಅದು ಓದುಗರಿಗೆ ಮಾಡುವ ಮೋಸ.

ಎರಡೂ ಕಥೆಗೆ ಬೇರೆ ಬೇರೆ ನೋಟ್‌ಬುಕ್ ಇಡಿ. ದಿನ, ಹೊತ್ತು, ಯಾರು ಎಲ್ಲಿದ್ದರು, ಎಲ್ಲ ಬರೆದುಕೊಳ್ಳಿ. ಕಥೆ ಬದಲಾದಾಗ ದನಿಯೂ ಬದಲಾಗಲಿ. ನನ್ನ ಹುಡುಗ 'ನಾನು' ಅಂತ ಹೇಳುತ್ತಾನೆ, ಪ್ರೆಸ್ಸಿನ ಕಥೆಯಲ್ಲಿ 'ಅವಳು' ಬರುತ್ತಾಳೆ.

ಕೊನೆಗೆ ಒಳಗಿನ ಕಥೆಯನ್ನಷ್ಟೇ ಯಾರಿಗಾದರೂ ಓದಲು ಕೊಡಿ. ನಾನು ಹುಮನಾಬಾದಿನಲ್ಲಿರುವ ತಂಗಿಗೆ ಕೊಟ್ಟೆ. "ಅಕ್ಕಾ, ಈ ಹುಡುಗ ಒಮ್ಮೆಲೇ ಬೆಂಗಳೂರವರಂಗ ಯಾಕ ಮಾತಾಡ್ತಾನ?" ಅಂತ ಮರುದಿನವೇ ಫೋನ್ ಮಾಡಿದಳು. ಐದು ಕಡೆ ಇದ್ದ 'ಬೆಳಿಗ್ಗೆ'ಯನ್ನು ಮೂರಕ್ಕೆ ಇಳಿಸಿದ್ದೇನೆ.