ಐದು ಶನಿವಾರ, ಐದು ಚಿತ್ರ: ವೈಜ್ಞಾನಿಕ ಕಥೆಗಳ ಏರಿಳಿತವನ್ನು ಮಕ್ಕಳಿಗೆ ತೋರಿಸುವ ಬಗೆ

ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ಕಾಲದಿಂದಲೂ ಶನಿವಾರ ಸಂಜೆ ಅವರನ್ನು ಕೂರಿಸಿಕೊಂಡು ಸಿನಿಮಾ ತೋರಿಸುವುದು ನನ್ನ ರೂಢಿ. ಸೈನ್ಸ್ ಫಿಕ್ಷನ್ ಒಮ್ಮೆ ಮನೆಮಾತಾಗಿ, ಇನ್ನೊಮ್ಮೆ ಮೂಲೆ ಸೇರುವುದೇಕೆ ಎಂಬುದು ಭಾಷಣದಿಂದ ತಲೆಗೆ ಹತ್ತುವುದಿಲ್ಲ. ಒಂದು ಪ್ರೊಜೆಕ್ಟರ್, ಬಿಳಿ ಗೋಡೆ, ಕರಿಹಲಗೆ ಹೊಂದಿಸಿಕೊಳ್ಳಿ. ಹಲಗೆಯ ಮೇಲೆ ಚಿತ್ರ ಬಂದ ವರ್ಷ ಬರೆದು, ಆಗ ಜಗತ್ತಿನಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಅದರ ಪಕ್ಕದಲ್ಲೇ ಬರೆಯಿರಿ.

ಮೊದಲ ವಾರಕ್ಕೆ 1902ರ ‘ಎ ಟ್ರಿಪ್ ಟು ದ ಮೂನ್’ ಸಾಕು. ಕಾಲು ಗಂಟೆಯ ಆಸುಪಾಸಿನ ಮೂಕಿಚಿತ್ರ. ಚಂದ್ರನ ಕಣ್ಣಿಗೆ ರಾಕೆಟ್ ನಾಟಿದಾಗ ನಗದ ಮಗುವನ್ನು ನಾನು ಕಂಡಿಲ್ಲ.

ಎರಡನೆಯ ವಾರಕ್ಕೆ 1954ರ ‘ಗಾಡ್ಜಿಲ್ಲಾ’, ಕಡಲಿನಿಂದ ಎದ್ದುಬರುವ ದೈತ್ಯ ಮೃಗದ ಕಥೆ. ಅಮೆರಿಕದವರು 1956ರಲ್ಲಿ ಕತ್ತರಿಸಿ ಜೋಡಿಸಿದ ಪ್ರತಿ ಬೇಡ, ಜಪಾನಿ ಮೂಲವನ್ನೇ ಹುಡುಕಿ. ಮೊದಲ ದೃಶ್ಯದಲ್ಲಿ ನಾವಿಕರು ಹಡಗಿನ ಮೇಲೆ ಗಿಟಾರ್ ನುಡಿಸುತ್ತಾ ಕೂತಿರುತ್ತಾರೆ. ಇದ್ದಕ್ಕಿದ್ದಂತೆ ಸಮುದ್ರವೇ ಬೆಳಗುತ್ತದೆ, ಹಡಗು ಹೊತ್ತಿ ಉರಿಯುತ್ತದೆ. ಅಲ್ಲಿಗೇ ನಿಲ್ಲಿಸಿ. ಅದೇ ವರ್ಷ ಮಾರ್ಚ್ 1ರಂದು ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಹೈಡ್ರೋಜನ್ ಬಾಂಬ್ ಸಿಡಿಸಿತ್ತು. ಅದರ ಬೂದಿ 23 ಜನರಿದ್ದ ಜಪಾನಿನ ಮೀನುಗಾರಿಕೆ ದೋಣಿಯೊಂದರ ಮೇಲೆ ಸುರಿದಿತ್ತು. ಅದರ ರೇಡಿಯೋ ಆಪರೇಟರ್ ಸೆಪ್ಟೆಂಬರಿನಲ್ಲಿ ತೀರಿಕೊಂಡರು, ಚಿತ್ರ ನವೆಂಬರಿನಲ್ಲಿ ತೆರೆಕಂಡಿತು. ಇಷ್ಟು ಹೇಳಿ ಮತ್ತೆ ಶುರುಮಾಡಿ. ಮೃಗದ ಆ ಕೂಗು ಹುಟ್ಟಿದ್ದು ಡಬಲ್ ಬಾಸ್ ವಾದ್ಯದ ತಂತಿಯನ್ನು ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ಉಜ್ಜಿ ಎಳೆದಾಗ. ಘರ್ಷಣೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇಷ್ಟಾದ ಮೇಲೆ ಮಕ್ಕಳು, ‘ವಿಜ್ಞಾನ ಸುದ್ದಿಯಲ್ಲಿದ್ದರೆ ಇಂಥ ಕಥೆ ಓಡುತ್ತದೆ’ ಎಂದು ತೀರ್ಮಾನಿಸಿಬಿಡುತ್ತಾರೆ. ಹಾಗಾಗಿ ಮೂರನೆಯ ವಾರ ಬಾಹ್ಯಾಕಾಶ ಯಾನದ ಕಥೆ ಹೇಳುವ ಅಮೆರಿಕದ ಟಿವಿ ಧಾರಾವಾಹಿ ‘ಸ್ಟಾರ್ ಟ್ರೆಕ್’ನ ಒಂದು ಕಂತು ಹಾಕಿ. 1966ರಲ್ಲಿ ಶುರುವಾದ ಈ ಧಾರಾವಾಹಿಯ 79ನೆಯ, ಕೊನೆಯ ಕಂತು ಪ್ರಸಾರವಾದದ್ದು 1969ರ ಜೂನ್ 3ರಂದು. ಮುಂದಿನ ತಿಂಗಳೇ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ! ನೋಡುಗರು ಸಾಲದೆಂದು ನಿಂತುಹೋದ ಧಾರಾವಾಹಿ 70ರ ದಶಕದಲ್ಲಿ ಊರೂರಿನ ಚಾನೆಲ್‌ಗಳ ಮರುಪ್ರಸಾರದಿಂದ ಮನೆಮನೆಗೆ ಹೊಕ್ಕಿತು. 1976ರಲ್ಲಿ ಅಭಿಮಾನಿಗಳ ಪತ್ರಗಳ ಒತ್ತಾಯಕ್ಕೆ ಮಣಿದು ನಾಸಾದ ಮೊದಲ ಬಾಹ್ಯಾಕಾಶ ಷಟಲ್‌ಗೆ ಧಾರಾವಾಹಿಯ ನೌಕೆಯ ಹೆಸರನ್ನೇ, ‘ಎಂಟರ್‌ಪ್ರೈಸ್’ ಎಂದು ಇಟ್ಟರು. ಜನಪ್ರಿಯತೆಯನ್ನು ಬಿಡುಗಡೆಯ ದಿನ ಅಳೆಯಬಾರದು, ಮತ್ತೆ ಮತ್ತೆ ನೋಡಲು ಸಿಕ್ಕಿತೇ ಎಂದು ಕೇಳಬೇಕು ಎನ್ನುವುದು ನನ್ನ ಗಟ್ಟಿ ನಂಬಿಕೆ.

ನಾಲ್ಕನೆಯ ವಾರಕ್ಕೆ 1977. ಆ ವರ್ಷದ ಬಾಹ್ಯಾಕಾಶ ಯುದ್ಧದ ಚಿತ್ರ ‘ಸ್ಟಾರ್ ವಾರ್ಸ್’ ಮಕ್ಕಳಿಗೆ ಗೊತ್ತಿರುತ್ತದೆ. ಅದರ ಬದಲು ಅದೇ ವರ್ಷದ ಜೇಮ್ಸ್ ಬಾಂಡ್ ಚಿತ್ರ ‘ದ ಸ್ಪೈ ಹೂ ಲವ್ಡ್ ಮಿ’ಯ ಕೊನೆಯ ಸಾಲು ತೋರಿಸಿ: ಮುಂದಿನ ಚಿತ್ರ ‘ಫಾರ್ ಯುವರ್ ಐಸ್ ಓನ್ಲಿ’ ಎಂದಿದೆ. ಆದರೆ ‘ಸ್ಟಾರ್ ವಾರ್ಸ್’ ಭರ್ಜರಿಯಾಗಿ ಓಡಿದ್ದರಿಂದ 1979ರಲ್ಲಿ ಬಂದದ್ದು ಗೂಢಚಾರನನ್ನು ಬಾಹ್ಯಾಕಾಶಕ್ಕೇ ಕಳಿಸಿದ ‘ಮೂನ್‌ರೇಕರ್’. ಆ ಅಲೆ ಎಷ್ಟು ದೊಡ್ಡದಿತ್ತೆಂದು ಹೇಳಲು ಬೇರೆ ಸಾಕ್ಷಿ ಬೇಡ.

ಕೊನೆಯ ವಾರ ತೆಲುಗಿನ ‘ಆದಿತ್ಯ 369’, 1991ರದು. ಇಲ್ಲಿ ಕಾಲಯಂತ್ರ ಹೋಗಿ ನಿಲ್ಲುವುದು ಕೃಷ್ಣದೇವರಾಯನ ಕಾಲಕ್ಕೆ. ಶಾಲೆಯ ಪ್ರವಾಸದಲ್ಲಿ ಹಂಪಿ ಸುತ್ತಿಬಂದ ಮಕ್ಕಳು ಇದನ್ನು ನಮ್ಮದೇ ಕಥೆಯೆಂಬಂತೆ ನೋಡುತ್ತಾರೆ. ಆಮೇಲೆ ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿಯರನ್ನು ಕೇಳಿಕೊಂಡು ಬರಲು ಹೇಳಿ: ಇಂಥ ಚಿತ್ರ ಮೊದಲು ನೋಡಿದ್ದು ಯಾವುದು, ಟಾಕೀಸಿನಲ್ಲೋ, ದೂರದರ್ಶನದಲ್ಲೋ, ಬಾಡಿಗೆ ಕ್ಯಾಸೆಟ್‌ನಲ್ಲೋ? ಹಲಗೆಯಲ್ಲಿ ಮೂರನೆಯ ಸಾಲು ಇದಕ್ಕಾಗಿಯೇ ಖಾಲಿ ಬಿಟ್ಟಿರಿ.